ಪುಕ್ಕಟೆ ಕರೆಯ ದರ

ಇಲ್ಲ, ಫೋನ್ ಬೂತಿನ ಗಡಿಯಾರ ಅವರ ಬೆನ್ನ ಹಿಂದೆ ಇದ್ದಿರಲಾರದು. ಬೆನ್ನ ಹಿಂದೆ ಇದ್ದಿದ್ದರೆ ಅದನ್ನು ನೋಡಲು ಅವರು ತಿರುಗಬೇಕಿತ್ತು. ನನಗೆ ನೆನಪಿರುವುದು ಅವರು ತಲೆಯನ್ನು ಒಂದಿಷ್ಟೂ ಹೊರಳಿಸದೆ, ಕಣ್ಣನ್ನು ಮಾತ್ರ ಮೇಲಕ್ಕೆತ್ತಿ, "ಹ್ಞೂಂ, ಕೂತ್ಕೊಳ್ಳಿ" ಎನ್ನುತ್ತಿದ್ದದ್ದು. ಹಾಗಾದರೆ ಗಡಿಯಾರ ಎದುರು ಗೋಡೆಯಲ್ಲಿತ್ತು. ಆದರೆ ಅವರ ಎದುರಿಗೆ ಗೋಡೆಯೇ ಇರಲಿಲ್ಲ. ತೆರೆದ ಷಟರು, ಷಟರಿನಾಚೆ ರಸ್ತೆ, ರಸ್ತೆಯಾಚೆ ಟೈಲರ್ ಅಂಗಡಿ. ಟೈಲರ್ ಅಂಗಡಿಯ ಗಡಿಯಾರವನ್ನು ರಸ್ತೆ ದಾಟಿ ಓದುತ್ತಿದ್ದರೇ? ಹೀಗೆಂದು ನಾನು ಎಷ್ಟೋ ವರ್ಷ ನಂಬಿದ್ದೆ, ಒಬ್ಬಿಬ್ಬರಿಗೆ ಹೇಳಿಯೂ ಇದ್ದೆ. ಮೊನ್ನೆ ಅದೇ ಟೈಲರ್ ಫೋನ್ ಮಾಡಿದಾಗ ಕೇಳಿಯೇಬಿಟ್ಟೆ. "ನನ್ನ ಅಂಗಡೀಲಿ ಗಡಿಯಾರ ಎಲ್ಲಿತ್ತು ಸಾರ್? ಟೈಮ್ ಬೇಕಂದ್ರೆ ನಾನೇ ಇಲ್ಲಿಂದ ಕೂಗಿ ಅಕ್ಕನ್ನ ಕೇಳ್ತಿದ್ದೆ" ಎಂದರು.

ಟೈಲರ್ ಫೋನ್ ಮಾಡಿದ್ದು ಅಕ್ಕ ತೀರಿಕೊಂಡ ಸುದ್ದಿ ಹೇಳಲು. ತುಮಕೂರಿನ ಕಡೆ ಯಾರೋ ನೆಂಟರ ಮನೆಯಲ್ಲಿದ್ದರಂತೆ, ತೀರಿಹೋಗಿ ಒಂದು ತಿಂಗಳಾಗಿದೆಯಂತೆ. ಸುದ್ದಿ ಚಾಮರಾಜಪೇಟೆಯನ್ನು ಮುಟ್ಟುವಷ್ಟರಲ್ಲಿ ಕಾರ್ಯಗಳೆಲ್ಲ ಮುಗಿದಿವೆ. ಊರಿಗೆಲ್ಲ ಸುದ್ದಿ ದಾಟಿಸಿದವರ ಸುದ್ದಿ ಇಷ್ಟು ತಡವಾಗಿ ಬಂತಲ್ಲ ಎಂದು ಟೈಲರ್ ನೊಂದುಕೊಂಡರು. ನಾನು ಅವರನ್ನು ಗಡಿಯಾರದ ಬಗ್ಗೆ ಕೇಳುತ್ತಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಪರವಾನಗಿಯಲ್ಲಿದ್ದ ಹೆಸರು ಒಂದು, ಮಹಡಿಯ ಮೇಲಿಂದ ಅವರ ಅಣ್ಣ ಕೂಗುತ್ತಿದ್ದದ್ದು ಇನ್ನೊಂದು. ಟೈಲರಿಗೆ ಅವರು ಅಕ್ಕ, ನನಗೆ ಮೇಡಂ, ರಸ್ತೆಯ ಮಿಕ್ಕವರಿಗೆಲ್ಲ ಬೂತಿನಮ್ಮ. ಆಗ ಅವರಿಗೆ ನಲವತ್ತೈದರ ಆಸುಪಾಸು ಇರಬೇಕು. ಅಥವಾ ನಾನು ಮೂವತ್ತರವನಾಗಿದ್ದರಿಂದ ಹಾಗೆ ಕಾಣುತ್ತಿದ್ದರೋ ಏನೋ. ಮೆಲ್ಲಗೆ ಮಾತಾಡುತ್ತಿದ್ದರು. ಫೋನ್ ವ್ಯಾಪಾರದವರು ಹೀಗೆ ಮಾತಾಡಿದರೆ ಹೇಗೆ ಎನ್ನಿಸುವಷ್ಟು ಮೆಲ್ಲಗೆ. ಇಡೀ ದಿನ "ಹಲೋ, ಕೇಳಿಸ್ತಿದೆಯಾ" ಎಂದು ಅರಚುವವರ ನಡುವೆ ಕೂತು ಅವರಿಗೆ ದನಿ ಎತ್ತುವುದೇ ಬೇಡವಾಗಿತ್ತೆಂದು ಕಾಣುತ್ತದೆ.

ಬೂತು ಇದ್ದದ್ದು ಅವರ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ. ಹಳದಿ ಹಲಗೆ, ಬಾಗಿಲಿನ ಪಕ್ಕ ಗಾಜಿನ ಪೆಟ್ಟಿಗೆಯಂಥ ಗೂಡು, ಗೂಡಿನೊಳಗೆ ಫೋನು ಮತ್ತು ಯಾವಾಗಲೂ ಕೆಟ್ಟಿರುವ ಪುಟ್ಟ ಫ್ಯಾನು. ಗೂಡಿನ ಹೊರಗೆ ಮೇಜು; ಮೇಜಿನ ಮೇಲೆ ಕೆಂಪು ಅಂಕಿಗಳ ಮೀಟರು ಮತ್ತು ಬಿಲ್ಲು ಉಗುಳುವ ಯಂತ್ರ. ಮೇಜಿನ ಹಿಂದೆ ಒಂದು ಪರದೆ, ಪರದೆಯ ಹಿಂದೆ ಅವರ ಮಂಚ, ಟ್ರಂಕು, ಸ್ಟವ್ವು. ಗಂಡ ತೀರಿಹೋದ ಮೇಲೆ ತವರಿಗೆ ಬಂದವರಿಗೆ ಅಣ್ಣ ಈ ಕೋಣೆಯನ್ನು ಕೊಟ್ಟಿದ್ದು ಬೂತಿಗಾಗಿ, ವಾಸಕ್ಕಲ್ಲ. ಇದು ರಸ್ತೆಗೆಲ್ಲ ಗೊತ್ತಿತ್ತು. ಬೂತು ನಡೆಯುವವರೆಗೆ ಕೋಣೆ ಅವರದು. ಬೂತು ನಿಂತರೆ ಅಲ್ಲಿ ಅತ್ತಿಗೆಯ ತಮ್ಮ ಜೆರಾಕ್ಸ್ ಅಂಗಡಿ ಇಡುವುದೆಂದು ಮನೆಯಲ್ಲಿ ಆಗಲೇ ಮಾತಾಗಿತ್ತು. ಹಗಲು ಹೊತ್ತು ಷಟರು ಅರ್ಧ ಇಳಿದರೂ ಸಾಕು, ಮಹಡಿಯಿಂದ ಅಣ್ಣನ ತಲೆ ಹೊರಬರುತ್ತಿತ್ತು. ಏನು, ವ್ಯಾಪಾರ ಸಾಕಾಯ್ತಾ ಎಂದು ಕೇಳುತ್ತಿತ್ತು.

ಒಂದು ಅಭ್ಯಾಸ ಚೆನ್ನಾಗಿ ನೆನಪಿದೆ. ಇದನ್ನು ಟೈಲರೂ ಒಪ್ಪುತ್ತಾರೆ, ಹಾಗಾಗಿ ಧೈರ್ಯವಾಗಿ ಬರೆಯಬಹುದು. ಗೂಡಿನೊಳಗಿನವರು ಸಾವಿನ ಸುದ್ದಿಯನ್ನೋ ಆಸ್ಪತ್ರೆಯ ಸುದ್ದಿಯನ್ನೋ ಹೇಳುತ್ತಿದ್ದರೆ ಅವರು ಎಡಗೈಯನ್ನು ಮೀಟರಿನ ಮೇಲೆ ಮುಚ್ಚುತ್ತಿದ್ದರು. ಮಾತಾಡುವವರಿಗೆ ಓಡುವ ಅಂಕಿಗಳು ಕಾಣದಿರಲಿ ಎಂದು. ಮಾತು ಮುಗಿದ ಮೇಲೆ ಕೈ ತೆಗೆದು, ಬಿಲ್ಲು ಹರಿದು, ಪೂರ್ತಿ ಹಣ ತೆಗೆದುಕೊಳ್ಳುತ್ತಿದ್ದರು. ನಾಲ್ಕಾಣೆಯನ್ನೂ ಬಿಡುತ್ತಿರಲಿಲ್ಲ. ಇದರಲ್ಲಿ ಕರುಣೆ ಎಷ್ಟು, ವ್ಯಾಪಾರ ಎಷ್ಟು ಎಂದು ಬಿಡಿಸಿ ನೋಡಲು ನನಗೆ ಆಗಲೂ ಆಗಲಿಲ್ಲ.

ನಾನು ಆ ರಸ್ತೆಯ ತುದಿಯ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಪ್ರೆಸ್ಸಿನಲ್ಲೂ ಫೋನಿತ್ತು, ಆದರೆ ಅದು ಮಾಲೀಕರ ಕೋಣೆಯಲ್ಲಿ, ಡಯಲಿಗೆ ಪುಟ್ಟ ಬೀಗ ಹಾಕಿಸಿಕೊಂಡು ಕುಳಿತಿತ್ತು. ಮಾಲೀಕರು ಹೊಸದಾಗಿ ತಂದ ಯಂತ್ರ ವಾರಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಯಂತ್ರದ ಕಂಪನಿಯವರು ಒಂದು ಟೋಲ್ ಫ್ರೀ ಸಂಖ್ಯೆ ಕೊಟ್ಟಿದ್ದರು. ಆಗ ಅದು ಹೊಸ ಮಾತು. ಕರೆ ಮಾಡಿದವನಿಗೆ ಖರ್ಚಿಲ್ಲ, ಖರ್ಚೆಲ್ಲ ಕಂಪನಿಯದು. ಖರ್ಚಿಲ್ಲ ಎಂದಮೇಲೂ ಬೀಗ ತೆಗೆಯಲು ಮಾಲೀಕರಿಗೆ ಮನಸ್ಸಾಗಲಿಲ್ಲ. ಬೂತಿಗೆ ಹೋಗಿ ಮಾಡಿ ಬಾ, ಹೇಗಿದ್ರೂ ದುಡ್ಡು ಬೀಳಲ್ಲ ಎಂದು ನನ್ನನ್ನು ಅಟ್ಟಿದರು.

ಹೋದೆ. ಒತ್ತಿದೆ. ಆಚೆ ಒಬ್ಬಳು ಕಾಯಿರಿ ಎಂದಳು, ಕೊಳಲು ಶುರುವಾಯಿತು. ಕೊಳಲು ಮುಗಿದು ಮತ್ತೆ ಕಾಯಿರಿ ಎಂದಳು. ಗಾಜಿನ ಗೂಡಿನಲ್ಲಿ ಬೆವರುತ್ತಾ ಬಹಳ ಹೊತ್ತು ನಿಂತಮೇಲೆ ಯಾರೋ ಬಂದು ದೂರು ಬರೆದುಕೊಂಡರು. ಹೊರಗೆ ಬಂದು ನೋಡಿದರೆ ಮೀಟರಿನಲ್ಲಿ ಬರೀ ಸೊನ್ನೆ, ಯಂತ್ರದಿಂದ ಬಿಲ್ಲೂ ಬರಲಿಲ್ಲ. ಒಂದು ನಮಸ್ಕಾರ ಹಾಕಿ ಮೆಟ್ಟಿಲಿಗೆ ಕಾಲಿಟ್ಟೆ.

"ಎಲ್ಲಿಗೆ ಹೊರಟ್ರಿ ಪ್ರೆಸ್ಸಿನವರೇ?"

"ಟೋಲ್ ಫ್ರೀ ಮೇಡಂ. ಮೀಟರ್ ಓಡಿಲ್ಲ."

"ಮೀಟರ್ ಓಡಿಲ್ಲ, ಟೈಮ್ ಓಡಿದೆ. ನೀವು ಎಷ್ಟು ಹೊತ್ತು ಒಳಗಿದ್ರೋ ಅಷ್ಟು ಹೊತ್ತು ಇಲ್ಲಿ ಕೂತ್ಕೊಳ್ಳಿ. ಯಾರಾದ್ರೂ ಬಂದ್ರೆ ಮಾಡಕ್ಕೆ ಬಿಡಿ, ಬಿಲ್ಲು ತಾನಾಗೇ ಬರುತ್ತೆ, ಹರಿದು ಕೊಡಿ, ದುಡ್ಡು ಈ ಡಬ್ಬಿಗೆ ಹಾಕಿ."

ನಾನು ಒಳಗೆ ಮಾತೇ ಆಡಿಲ್ಲ, ಕೊಳಲು ಕೇಳುತ್ತ ನಿಂತಿದ್ದೆ ಎಂದೆ.

"ಕೊಳಲು ಕೇಳಿದ್ದು ನೀವು. ಲೈನ್ ಹಿಡ್ಕೊಂಡಿದ್ದು ನಂದು. ಅಷ್ಟರಲ್ಲಿ ಇಬ್ರು ಬಂದು ವಾಪಸ್ ಹೋದ್ರು" ಎಂದು ಎದ್ದು, ಮೊಳೆಗೆ ನೇತುಹಾಕಿದ್ದ ಬಟ್ಟೆಯ ಚೀಲ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹೋಗಿಯೇಬಿಟ್ಟರು. ನಾನು ಅವರ ಕುರ್ಚಿಯಲ್ಲಿ ಕೂತೆ. ಕುರ್ಚಿ ಇನ್ನೂ ಬೆಚ್ಚಗಿತ್ತು. ಹಾಗೇಕೆ ಕೂತೆ, ಎದ್ದು ಹೋಗಬಹುದಿತ್ತಲ್ಲ ಎಂದು ಈಗ ಅನ್ನಿಸುತ್ತದೆ. ಆದರೆ ಬಾಗಿಲು ತೆರೆದಿತ್ತು, ಡಬ್ಬಿಯಲ್ಲಿ ಹಣವಿತ್ತು, ಇಡೀ ಬೂತು ನನ್ನ ಮೇಲಿತ್ತು. ಹಾಗೆ ನಂಬಿ ಬಿಟ್ಟು ಹೋದವರನ್ನು ಬಿಟ್ಟು ಹೋಗುವುದು ಕಷ್ಟ. ಅವರು ಇದನ್ನು ಲೆಕ್ಕ ಹಾಕಿಯೇ ಹಾಗೆ ಮಾಡುತ್ತಿದ್ದರೇ? ತಿಳಿಯದು. ಹೊರಡುವಾಗ ಅವರು ಮಾತ್ರ ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ.

ಇದು ಅವರೇ ಮಾಡಿಕೊಂಡ ದರ. ಮೀಟರ್ ಓಡಿದ ಕರೆಯಲ್ಲಿ ಅವರಿಗೆ ಒಂದು ಪಾಲು ಸಿಗುತ್ತಿತ್ತು. ಟೋಲ್ ಫ್ರೀ ಕರೆಯಲ್ಲಿ ಕಂಪನಿ ದೂರವಾಣಿ ಇಲಾಖೆಗೆ ಕೊಡುತ್ತದೆ, ಇಲಾಖೆ ತನ್ನಲ್ಲಿ ಇಟ್ಟುಕೊಳ್ಳುತ್ತದೆ, ಗೂಡು, ಫೋನು, ಕರೆಂಟು ಒದಗಿಸಿದ ಬೂತಿನವರಿಗೆ ಏನೂ ಇಲ್ಲ. ಬೇರೆ ಬೂತುಗಳವರು ಇಂಥ ಸಂಖ್ಯೆ ಎಂದೊಡನೆ ಲೈನ್ ಕೆಟ್ಟಿದೆ ಎನ್ನುತ್ತಿದ್ದರು, ಇಲ್ಲವೆ ಗುಟ್ಟಾಗಿ ಒಂದು ರೂಪಾಯಿ ಕೇಳುತ್ತಿದ್ದರು. ಇವರು ಇಲ್ಲ ಎನ್ನುತ್ತಿರಲಿಲ್ಲ, ರೂಪಾಯಿಯನ್ನೂ ಕೇಳುತ್ತಿರಲಿಲ್ಲ. ಹೊತ್ತಿಗೆ ಹೊತ್ತು. ಪೊಲೀಸು, ಬೆಂಕಿ, ಆಸ್ಪತ್ರೆ, ಮಕ್ಕಳ ಸಹಾಯವಾಣಿ, ಇವುಗಳಿಗೆ ಕೂರಬೇಕಿಲ್ಲ. ಅಳುತ್ತಾ ಮಾತಾಡಿದವರಿಗೂ ಮಾಫಿ ಎಂದು ಟೈಲರ್ ಹೇಳುತ್ತಾರೆ. ಆದರೆ ಅಳು ಇನ್ನೂ ನಿಲ್ಲದ ಒಬ್ಬ ಗಂಡಸು ಆ ಕುರ್ಚಿಯಲ್ಲಿ ಕೂತು ಬಿಲ್ಲು ಹರಿಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅಥವಾ ಆತನಿಗೆ ನೆಗಡಿಯಾಗಿತ್ತು.

ಒಮ್ಮೊಮ್ಮೆ ಅದು ಕೊಂಡಿಗೆ ಕೊಂಡಿ ಸೇರಿ ಬೆಳೆಯುತ್ತಿತ್ತು. ಫ್ರಿಜ್ ಕಂಪನಿಗೆ ಬೈದು ಮುಗಿಸಿದ ಟೈಲರ್ ಕುರ್ಚಿಯಲ್ಲಿ ಕೂತಿರುವಾಗ ಕುಕ್ಕರಿನ ದೂರು ಹಿಡಿದು ಒಬ್ಬ ಗೃಹಿಣಿ ಬರುವರು. ಟೈಲರ್ ಎದ್ದಮೇಲೆ ಅವರು ಕೂರುವರು. ಅಷ್ಟರಲ್ಲಿ ಯಾವುದೋ ಕೋರ್ಸಿನ ವಿಚಾರಣೆಗೆ ಕಾಲೇಜು ಹುಡುಗಿಯರು ಬರುವರು. ಬೆಳಗಿನ ತಿಂಡಿ ಮುಗಿಸಿ ಹೋದ ಮೇಡಂ ಮಧ್ಯಾಹ್ನದ ಊಟದ ಹೊತ್ತಿಗೆ ಬಂದು, ಯಾರು ಯಾರ ಬಾಕಿಗೆ ಕೂತಿದ್ದೀರಿ ಎಂದು ವಿಚಾರಿಸುವರು. ಬೂತು ಇಡೀ ಹೊತ್ತು ತೆರೆದೇ ಇರುತ್ತಿತ್ತು. ಮಹಡಿಯಿಂದ ಇಣುಕಿದ ಅಣ್ಣನಿಗೆ ಕುರ್ಚಿಯಲ್ಲಿ ಯಾರೋ ಕೂತಿರುವುದು ಕಾಣುತ್ತಿತ್ತು, ಏನೂ ಹೇಳಲಾಗುತ್ತಿರಲಿಲ್ಲ.

ಹಾಗಾದರೆ ಅವರು ಎಲ್ಲಿಗೆ ಹೋಗುತ್ತಿದ್ದರು? ಈ ಪ್ರಶ್ನೆ ಆ ಕುರ್ಚಿಯಲ್ಲಿ ಕೂತವರಿಗೆಲ್ಲ ಹುಟ್ಟುತ್ತಿತ್ತು, ಕೂತವನಿಗೆ ಬೇರೆ ಕೆಲಸವಾದರೂ ಏನು. ಚೀಲ ಒಯ್ಯುತ್ತಿದ್ದರು, ಬರುವಾಗ ಅದು ಹೋದಷ್ಟೇ ಖಾಲಿಯಾಗಿರುತ್ತಿತ್ತು. ಮಾರುಕಟ್ಟೆಗಲ್ಲ. ದೇವಸ್ಥಾನಕ್ಕೆಂದರೆ ಹಣೆಯಲ್ಲಿ ಕುಂಕುಮವೋ ತಲೆಯಲ್ಲಿ ಹೂವೋ ಇರಬೇಕಿತ್ತು, ಆದರೆ ಅವರು ಎರಡನ್ನೂ ಬಿಟ್ಟವರು, ಹಾಗಾಗಿ ಹೇಳಲಾಗದು. ಲಾಲ್‌ಬಾಗಿನ ಪಶ್ಚಿಮ ಬಾಗಿಲಿನ ಹತ್ತಿರ ಕಲ್ಲು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರೆಂದು ಒಂದು ವರ್ತಮಾನ. ಇದನ್ನು ನಾನೇ ನೋಡಿದೆನೋ ಯಾರಾದರೂ ಹೇಳಿದರೋ ಈಗ ಗೊತ್ತಾಗುತ್ತಿಲ್ಲ. ಬೆಂಚು ಮಾತ್ರ ಕಣ್ಣಿಗೆ ಕಟ್ಟಿದಂತಿದೆ, ಅದೇ ನನಗೆ ಅನುಮಾನ. ಎರಡನೆಯದು ಟೈಲರ್ ತಂದ ಸುದ್ದಿ. ಗಾಂಧಿ ಬಜಾರಿಗೆ ಗುಂಡಿ ತರಲು ಹೋದಾಗ ಅಲ್ಲಿಯ ಒಂದು ಬೂತಿನ ಗೂಡಿನೊಳಗೆ ಅಕ್ಕ ನಿಂತು ಮಾತಾಡುತ್ತಿದ್ದರಂತೆ. ನಗುತ್ತಿದ್ದರಂತೆ. ಮೀಟರ್ ಓಡುತ್ತಿತ್ತಂತೆ.

ಇದು ನನ್ನ ತಲೆ ಕೆಡಿಸಿತು. ಸ್ವಂತ ಬೂತಿದ್ದವರು ಒಂದೂವರೆ ಮೈಲಿ ನಡೆದು, ಇನ್ನೊಬ್ಬರಿಗೆ ದುಡ್ಡು ಕೊಟ್ಟು ಯಾಕೆ ಮಾತಾಡಬೇಕು? ಒಂದು ದಿನ ಕುರ್ಚಿ ಬಿಟ್ಟೇಳುವಾಗ ತಮಾಷೆ ಎಂಬಂತೆ ಕೇಳಿದೆ. ಅವರು ಸಿಟ್ಟಾಗಲಿಲ್ಲ, ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಮೇಜಿನ ಧೂಳು ಒರೆಸುತ್ತಾ ಹೇಳಿದರು.

"ಗೂಡಲ್ಲಿ ಆಡೋದೆಲ್ಲ ಇಲ್ಲಿ ಕೂತೋರಿಗೆ ಕೇಳಿಸುತ್ತೆ ಪ್ರೆಸ್ಸಿನವರೇ. ನಾನು ಒಳಗೆ ಹೋದ್ರೆ ಇಲ್ಲಿ ಯಾರು ಕೂತಿರ್ತಾರೆ? ನೀವು."

ಇದು ಉತ್ತರವೇ, ಅಥವಾ ಬಾಯಿ ಮುಚ್ಚಿಸುವ ಉಪಾಯವೇ? ನಾನು ಆಗ ನಕ್ಕೆ. ಅವರ ಮಾತಿನಿಂದ ಅವರು ಅಲ್ಲಿ ಯಾರಿಗೋ ಫೋನ್ ಮಾಡುತ್ತಿದ್ದರೆಂದು ಸಾಬೀತಾಗುವುದಿಲ್ಲ ಎಂಬುದು ಎಷ್ಟೋ ಆಮೇಲೆ ಹೊಳೆಯಿತು.

ಆ ಹೊತ್ತಿಗೆ ಕಾರ್ಡುಗಳು ಬಂದವು. ಅಂಗಡಿಯಲ್ಲಿ ಒಂದು ಕಾರ್ಡು ಕೊಂಡು, ಹಿಂಬದಿ ಉಜ್ಜಿ, ಮೊದಲು ಒಂದು ಪುಕ್ಕಟೆ ಸಂಖ್ಯೆ ಒತ್ತಿ, ಆಮೇಲೆ ಕಾರ್ಡಿನ ಅಂಕಿ ಒತ್ತಿದರೆ ದೆಹಲಿಗಾದರೂ ಮಾತಾಡಬಹುದು. ಬೂತಿನ ಮೀಟರಿಗೆ ಅದೂ ಸೊನ್ನೆಯೇ. ಫ್ರಿಜ್ಜಿನ ದೂರು ಅಪರೂಪದ ಮಾತು. ಆದರೆ ದೂರದೂರಿಗೆ ಮಾತಾಡುವವರು ಬೂತಿಗೆ ಅನ್ನ ಹಾಕುತ್ತಿದ್ದವರು, ಅವರೇ ಈಗ ಕಾರ್ಡು ಹಿಡಿದು ಬರತೊಡಗಿದರು. ಬೂತುಗಳವರು ಗಾಬರಿಯಾಗಿ ಸಂಘ ಕಟ್ಟಿದರು. ಮಲ್ಲೇಶ್ವರದಲ್ಲಿ ಬೂತಿದ್ದ ಸಂಘದ ಕಾರ್ಯದರ್ಶಿಯೊಬ್ಬರು ರುಜು ಪಡೆಯಲು ಬಂದ ದಿನ ನಾನು ಅಲ್ಲಿದ್ದೆ, ಬಹುಶಃ ಕುರ್ಚಿಯಲ್ಲೇ. ಪ್ರತಿ ಟೋಲ್ ಫ್ರೀ ಕರೆಗೆ ಬೂತಿನವರಿಗೆ ಇಷ್ಟು ಎಂದು ಸರ್ಕಾರ ದರ ಗೊತ್ತು ಮಾಡಬೇಕು, ಅದು ಅವರ ಬೇಡಿಕೆ. ಮೇಡಂ ಕಾಗದ ಓದಿ, ಕರೆಗೆ ಇಷ್ಟು ಎಂದಿದೆ, ಹೊತ್ತಿಗೆ ಇಷ್ಟು ಎಂದಿಲ್ಲವಲ್ಲ ಎಂದರು. ಕರೆಗೇ ಕೇಳೋಣ, ಸರ್ಕಾರಕ್ಕೆ ಸುಲಭ ಎಂದು ಕಾರ್ಯದರ್ಶಿ ವಿವರಿಸಿದರು.

"ಬಂದೆ ಅಂತ ಹೇಳಿ ಇಟ್ಟೋನಿಗೂ, ಗಂಡ ಹೆಂಡ್ತಿ ಜಗಳ ಪೂರ್ತಿ ಮುಗಿಸಿದೋನಿಗೂ ಒಂದೇ ದರಾನಾ?"

"ಮೊದ್ಲು ಏನೋ ಒಂದು ಬರ್ಲಿ ಅಮ್ಮಾ. ಬಂದ್ಮೇಲೆ ತಿದ್ದಿಸೋಣ. ನೀವೇನು ಬಿಡಿ, ಜನಾನ ಕೂರಿಸಿ ವಸೂಲಿ ಮಾಡ್ತಿದೀರಿ."

ಮೇಡಂ ಕಾಗದ ಹಿಂತಿರುಗಿಸಿದರು. ರುಜು ಹಾಕಿರಲಿಲ್ಲ. ಟೈಲರ್ ಹೇಳುವ ಪ್ರಕಾರ ಹಾಕಿದ್ದರು.

ತಕರಾರು ಬಂದದ್ದು ಒಂದು ಕಾರ್ಡಿನಿಂದಲೇ. ನಮ್ಮ ರಸ್ತೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ದೆಹಲಿಯ ಮಗಳ ಜೊತೆ ಕಾರ್ಡಿನಲ್ಲಿ ಮಾತಾಡಿ ಹೊರಬಂದರು. ಕೂತ್ಕೊಳ್ಳಿ ಎಂದದ್ದಕ್ಕೆ ಕಾರಣ ಕೇಳಿದರು. ಕಾರಣ ಕೇಳಿಸಿಕೊಂಡ ಮೇಲೆ ಅವರ ಮುಖ ಕೆಂಪಾಯಿತು. ಈ ಮಾತಿಗೆ ತಾನು ಆಗಲೇ ಹಣ ತೆತ್ತಿದ್ದೇನೆ, ಕಾರ್ಡನ್ನು ಯಾರೂ ಧರ್ಮಕ್ಕೆ ಕೊಟ್ಟಿಲ್ಲ ಎಂದು ವಾದಿಸಿದರು. ಅವರ ಮಾತೂ ಸರಿಯೇ.

"ಕಾರ್ಡಿನವರಿಗೆ ಕೊಟ್ರಿ ಸಾರ್, ಸರಿ. ಕಾರ್ಡಿನವರು ನನಗೆ ಕೊಟ್ರಾ?" ಎಂದರು ಮೇಡಂ.

"ಅದನ್ನ ಅವರ ಹತ್ರ ಕೇಳ್ಕೊಳ್ಳಿ. ನಾನ್ಯಾಕಮ್ಮ ನಿಮ್ಮ ಅಂಗಡಿ ಕಾಯ್ಲಿ?"

ಹಿರಿಯರು ಕೂರಲಿಲ್ಲ. ನನಗೆ ತಿಳಿದಂತೆ ಕೂರದೆ ಹೋದವರು ಅವರೊಬ್ಬರೇ. ನೇರ ಮನೆಗೆ ಹೋಗಿ ಇಲಾಖೆಗೆ ದೂರು ಬರೆದರು. ಮೀಟರ್ ತೋರಿಸಿದ್ದರ ಹೊರತು ಗಿರಾಕಿಯಿಂದ ಬೇರೇನನ್ನೂ ಪಡೆಯುವಂತಿಲ್ಲ ಎಂಬುದು ಪರವಾನಗಿಯ ಷರತ್ತು. ಸಾಬೀತಾದರೆ ಲೈನು ಹೋಗುತ್ತದೆ. ಲೈನು ಹೋದರೆ ಕೋಣೆ. ರಸ್ತೆಯಲ್ಲಿ ಇದು ಎಲ್ಲರಿಗೂ ಅರ್ಥವಾಗಿತ್ತು, ಮಹಡಿಯ ಮೇಲಂತೂ ಮೊದಲೇ ಅರ್ಥವಾಗಿತ್ತು. ಅತ್ತಿಗೆಯ ತಮ್ಮ ಒಂದು ಸಂಜೆ ಬಂದು ಕೋಣೆಯ ಅಗಲವನ್ನು ಹೆಜ್ಜೆಯಲ್ಲಿ ಅಳೆದು ಹೋದನಂತೆ. ಅಷ್ಟು ನಿರ್ಲಜ್ಜ ಕೆಲಸ ಅವನು ಮಾಡಿರಲಿಕ್ಕಿಲ್ಲ, ಇದು ನಾವು ಕಟ್ಟಿದ್ದೇ ಇರಬೇಕು.

ದೂರಿನ ತನಿಖೆಗೆ ಅಧಿಕಾರಿ ಬಂದ ದಿನ ಮಾತ್ರ ನನ್ನ ನೆನಪಿನಲ್ಲಿ ಗಟ್ಟಿಯಾಗಿ ನಿಂತಿದೆ. ಇಲಾಖೆಯ ಜೀಪು ಗಲ್ಲಿಯ ತಿರುವಿನಲ್ಲಿ ನಿಂತದ್ದನ್ನು ಟೈಲರ್ ಮೊದಲು ಕಂಡು, ಹೆಗಲ ಮೇಲಿನ ಟೇಪನ್ನೂ ತೆಗೆಯದೆ ರಸ್ತೆ ದಾಟಿ ಓಡಿಬಂದು ಹೇಳಿದರು. "ಅಕ್ಕ, ಬಂದಿದ್ದಾರೆ. ಇವತ್ತೊಂದಿನ ಏನೂ ಕೇಳ್ಬೇಡಿ. ಅವರ ಪಾಡಿಗೆ ಫೋನ್ ಮಾಡ್ಕೊಂಡು ಹೋಗ್ಲಿ." ನಾನೂ ಅದನ್ನೇ ಹೇಳಿದೆ. ಅವರು ನಮ್ಮಿಬ್ಬರನ್ನೂ ನೋಡಿ ಹ್ಞೂಂ ಎಂದರು.

ಅಧಿಕಾರಿ ಸಾಮಾನ್ಯ ಗಿರಾಕಿಯ ಹಾಗೆ ಬಂದರು. ನಡುವಯಸ್ಸು, ಕೈಯಲ್ಲಿ ರೆಕ್ಸಿನ್ ಚೀಲ, ಬಿಸಿಲಲ್ಲಿ ತಿರುಗಿ ದಣಿದ ಮುಖ. ಒಂದು ಟೋಲ್ ಫ್ರೀ ಕರೆ ಮಾಡಬೇಕಿತ್ತು ಎಂದರು. ಮಾಡಿ ಎಂದರು ಮೇಡಂ. ಅಧಿಕಾರಿ ಜೇಬು ತಡಕಿದರು, ಬರೆದು ತಂದ ಸಂಖ್ಯೆ ಎಲ್ಲೋ ಬಿಟ್ಟು ಬಂದಿದ್ದರು. ಆಗ ನಾನೇ ಮುಂದೆ ಬಿದ್ದು ನಮ್ಮ ಯಂತ್ರದ ಕಂಪನಿಯ ಸಂಖ್ಯೆ ಕೊಟ್ಟೆನೆಂದು ಟೈಲರ್ ಇವತ್ತಿಗೂ ನಗುತ್ತಾರೆ. ನನಗೆ ಹಾಗೆ ನೆನಪಿಲ್ಲ. ಅಂತೂ ಒಳಗೆ ಹೋದವರು ಬೇಗ ಬರಲಿಲ್ಲ. ಗಾಜಿನೊಳಗೆ ಅವರು ಕಾಲು ಬದಲಿಸುತ್ತಾ, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಾ ನಿಂತೇ ಇದ್ದರು. ಕಡೆಗೆ ಬಾಗಿಲು ತೆರೆದು ಬಂದು, ಪರ್ಸಿಗೆ ಕೈ ಹಾಕಿದಂತೆ ಮಾಡಿ, ಎಷ್ಟಾಯಿತು ಎಂದು ಕೇಳಿದರು.

ಟೈಲರ್ ಬಾಗಿಲ ಬಳಿಯಿಂದ ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದರು. ಏನೂ ಇಲ್ಲ ಸಾರ್, ಇದಕ್ಕೆ ದುಡ್ಡಿಲ್ಲ. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಮೇಡಂ ಕಣ್ಣು ಮೇಲೆತ್ತಿ ನೋಡಿದರು.

"ದುಡ್ಡೇನೂ ಇಲ್ಲ ಸಾರ್. ಕೂತ್ಕೊಳ್ಳಿ."

"ಏನು?"

"ಇಲ್ಲಿ ಕೂತ್ಕೊಳ್ಳಿ. ಎಷ್ಟು ಹೊತ್ತು ಒಳಗಿದ್ರೋ ಅಷ್ಟು ಹೊತ್ತು."

"ನಾನು ಯಾರು ಅಂತ ಗೊತ್ತೇನಮ್ಮಾ?"

"ಗೊತ್ತು. ಜೀಪ್ ಬಂತು ಅಂದ್ರು."

"ಗೊತ್ತಿದ್ದೂ ಕೂರಿಸ್ತೀರಾ?"

"ನಿಮ್ಮೊಬ್ರನ್ನ ಬಿಟ್ರೆ, ಇಷ್ಟು ದಿನ ಕೂತೋರಿಗೆಲ್ಲ ಏನು ಹೇಳ್ಲಿ?"

ಅಧಿಕಾರಿ ಟೈಲರನ್ನು ನೋಡಿದರು, ನನ್ನನ್ನು ನೋಡಿದರು. ನಾವು ಕೂತವರು ಎಂಬುದು ನಮ್ಮ ಮುಖದಲ್ಲೇ ಬರೆದಿತ್ತೋ ಏನೋ. ಆಮೇಲೆ ಅವರು ಮಾಡಿದ್ದು ನಾವ್ಯಾರೂ ಎಣಿಸದ ಕೆಲಸ. ರೆಕ್ಸಿನ್ ಚೀಲವನ್ನು ಮೇಜಿನ ಪಕ್ಕಕ್ಕಿಟ್ಟು ಕುರ್ಚಿಯಲ್ಲಿ ಕೂತರು. ಮೇಡಂ ಡಬ್ಬಿ ತೋರಿಸಿದರು, ಬಿಲ್ಲು ಹರಿಯುವುದು ಹೇಗೆಂದು ಹೇಳಿದರು, ಬಟ್ಟೆಯ ಚೀಲ ತೆಗೆದುಕೊಂಡು ಹೊರಟರು. ತಮ್ಮ ಅಪರಾಧದ ಸಾಕ್ಷಿಯನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿ ಹೋದರು. ಆಗಲೂ ತಿರುಗಿ ನೋಡಲಿಲ್ಲ.

ಅಧಿಕಾರಿ ಒಂದೆರಡು ಬಿಲ್ಲು ಹರಿದರು. ಚಿಲ್ಲರೆ ಸಾಲದೆ ಟೈಲರನ್ನು ಕೇಳಿ ಪಡೆದರು. ಬಿಲ್ಲಿನ ಯಂತ್ರ ಆಗಾಗ ಹೀಗೆ ಸಿಕ್ಕಿಕೊಳ್ಳುತ್ತದೆಯೇ ಎಂದು ನನ್ನನ್ನು ವಿಚಾರಿಸಿದರು. ಮೇಡಂ ಬಂದಾಗ ಎದ್ದು ನಿಂತು ಹೇಳಿದರು: "ನೀವು ಕೇಳ್ದೇ ಇದ್ದಿದ್ರೆ, ದೂರಿನಲ್ಲಿ ಹುರುಳಿಲ್ಲ ಅಂತ ಬರೆದು ಹೋಗಿರ್ತಿದ್ದೆ."

"ಯಾರಾದ್ರೂ ಬಂದಿದ್ರಾ?" ಎಂದರು ಮೇಡಂ, ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾ.

ಅಧಿಕಾರಿ ಏನು ಬರೆದರೋ ನಾವು ನೋಡಲಿಲ್ಲ. ಲೈನನ್ನು ಆ ಕೂಡಲೇ ಕಿತ್ತುಹಾಕುವ ಮಾತು ಬರಲಿಲ್ಲ ಎಂಬುದರಿಂದ ಸ್ವಲ್ಪ ಮೆತ್ತಗೇ ಬರೆದಿರಬೇಕೆಂದು ಊಹೆ. ಕೆಲವು ವಾರಗಳಲ್ಲಿ ಇಲಾಖೆಯಿಂದ ಸೂಚನೆ ಬಂತು. ಟೋಲ್ ಫ್ರೀ ಕರೆ ಮಾಡುವವರಿಂದ ಇನ್ನು ಮುಂದೆ ಹಣ, ಕೆಲಸ, ಕಾಲ ಯಾವುದನ್ನೂ ಪಡೆಯುವುದಿಲ್ಲ ಎಂದು ಬರೆದುಕೊಡಬೇಕು. ಇಲ್ಲವಾದರೆ ಪರವಾನಗಿ ರದ್ದು. ಕಾಲ ಎಂಬ ಪದ ನಿಜಕ್ಕೂ ಅದರಲ್ಲಿತ್ತೋ, ನಾನು ಈಗ ಸೇರಿಸುತ್ತಿದ್ದೇನೋ.

ಸಂಘದ ಕಾರ್ಯದರ್ಶಿ ಮಲ್ಲೇಶ್ವರದಿಂದ ಓಡಿಬಂದರು. ಅವರ ಕಣ್ಣಲ್ಲಿ ಹೊಳಪಿತ್ತು. ಬರೆದುಕೊಡಬೇಡಿ ಅಮ್ಮಾ, ನಾವು ಇದನ್ನೇ ಮುಂದಿಟ್ಟುಕೊಂಡು ಹೋರಾಡೋಣ, ಒಬ್ಬ ವಿಧವೆಯ ಬೂತು ಕಿತ್ತುಕೊಂಡರು ಎಂದರೆ ದರ ಗೊತ್ತು ಮಾಡದೆ ಸರ್ಕಾರಕ್ಕೆ ಬೇರೆ ದಾರಿಯಿರುವುದಿಲ್ಲ ಎಂದರು. ಇಡೀ ಬೆಂಗಳೂರಿನ ಬೂತುಗಳಿಗೆ ಒಳ್ಳೆಯದಾಗುತ್ತದೆ ಎಂದರು. ಮೇಡಂ ಅದನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. ತೀರ್ಮಾನ ಆಗುವವರೆಗೆ ಲೈನು ಇರುತ್ತದೆಯೇ? ಹೇಳಕ್ಕಾಗಲ್ಲ ಎಂದರು ಕಾರ್ಯದರ್ಶಿ.

ಮಾರನೆಯ ದಿನ ಮೇಡಂ ಬರೆದುಕೊಟ್ಟರು. ಕೋಣೆ ಉಳಿಯಿತು.

ಆಮೇಲೆ ಟೋಲ್ ಫ್ರೀ ಕರೆ ನಿಜಕ್ಕೂ ಪುಕ್ಕಟೆಯಾಯಿತು. ಜನ ಬಂದರು, ಒತ್ತಿದರು, ಕೊಳಲು ಕೇಳಿದರು, ಹೋದರು. ಕೆಲವರು ಅಭ್ಯಾಸಬಲದಿಂದ ಕುರ್ಚಿಯ ಕಡೆ ನೋಡುತ್ತಿದ್ದರು. ಕುರ್ಚಿಯಲ್ಲಿ ಅವರೇ ಇರುತ್ತಿದ್ದರು. ಬೆಳಿಗ್ಗೆ ಷಟರು ಎತ್ತಿದಾಗಿನಿಂದ ಇಳಿಸುವವರೆಗೂ ಅಲ್ಲೇ. ಚೀಲ ಮೊಳೆಯಲ್ಲೇ ನೇತಾಡುತ್ತಿತ್ತು. ಆ ದರದಿಂದ ಅವರಿಗೆ ಏನು ಸಿಗುತ್ತಿತ್ತೆಂಬುದು ನಮಗೆ ಆಗ ಕಾಣಿಸಿತು. ಹಗಲಿನಲ್ಲಿ ಹೊರಗೆ ಹೋಗಲು ಅವರಿಗೆ ಇದ್ದದ್ದು ಅದೊಂದೇ ದಾರಿ.

ಒಂದು ದಿನ, ಯಾವ ಕರೆಯನ್ನೂ ಮಾಡದೆ, ಪ್ರೆಸ್ಸಿನ ಊಟದ ಬಿಡುವಿನಲ್ಲಿ ಹೋಗಿ ನಿಂತೆ. ನಾನು ಕೂತಿರುತ್ತೇನೆ, ನೀವು ಹೋಗಿ ಬನ್ನಿ ಎಂದೆ. ಟೈಲರೂ ಹಿಂದಿನ ವಾರ ಹಾಗೇ ಹೇಳಿದ್ದರಂತೆ, ಕುಕ್ಕರಿನ ಗೃಹಿಣಿಯೂ ಹೇಳಿದ್ದರಂತೆ.

"ಬೇಡ ಪ್ರೆಸ್ಸಿನವರೇ."

"ಯಾಕೆ ಮೇಡಂ? ಸುಮ್ಮನೆ ಕೂತಿರ್ತೀನಿ. ಯಾರೂ ಏನೂ ಅನ್ನಲ್ಲ."

"ಆಗ ನೀವು ಲೈನ್ ಹಿಡ್ಕೊಂಡಿದ್ರಿ, ಕೂತ್ರಿ. ಈಗ ಯಾವುದಕ್ಕೆ ಕೂರ್ತೀರಾ? ಇವತ್ತು ಕೂರ್ತೀರಾ, ನಾಳೆ ನಾನು ನಿಮ್ಮ ಮುಖ ನೋಡಿ ಕಾಯ್ತಾ ಇರ್ಬೇಕು, ಇವರು ಬರ್ತಾರಾ ಅಂತ. ಮೇಲಿನವರ ಮುಖ ನೋಡಿ ಕಾಯೋದೇ ಸಾಕಾಗಿದೆ."

ಈ ಮಾತನ್ನು ಅವರು ಹೀಗೇ ಹೇಳಿದರೆಂದು ಪ್ರಮಾಣ ಮಾಡಲಾರೆ. ಬೇಡ ಎಂದದ್ದು ಮಾತ್ರ ನಿಜ, ಆಮೇಲೆ ನಾನು ಕೇಳಲಿಲ್ಲ ಎಂಬುದೂ ನಿಜ.

ಒಂದೆರಡು ವರ್ಷದಲ್ಲಿ ಕೈಕೈಗೆ ಮೊಬೈಲು ಬಂತು. ನಾನು ವೈಯಾಲಿಕಾವಲಿನ ಇನ್ನೊಂದು ಪ್ರೆಸ್ಸಿಗೆ ಹೋದೆ. ಯಾವಾಗಲೋ ಒಮ್ಮೆ ಆ ರಸ್ತೆಯಲ್ಲಿ ಹಾದಾಗ ಮುಂದಿನ ಕೋಣೆಯಲ್ಲಿ ಜೆರಾಕ್ಸ್ ಯಂತ್ರದ ಹಸಿರು ಬೆಳಕು ಆಚೀಚೆ ಓಡಾಡುತ್ತಿತ್ತು. ಒಳಗೆ ಹೋಗಿ ಕೇಳಲಿಲ್ಲ. ಟೋಲ್ ಫ್ರೀ ಕರೆಗೆ ಬೂತಿನವರಿಗೆ ಇಂತಿಷ್ಟು ಎಂಬ ದರ ಕಡೆಗೂ ಗೊತ್ತಾಯಿತೇ, ಗೊತ್ತಾಗುವ ಹೊತ್ತಿಗೆ ಬೂತುಗಳಿದ್ದವೇ ಎಂಬುದನ್ನೂ ನಾನು ವಿಚಾರಿಸಲಿಲ್ಲ.

ಮೊನ್ನೆ ಟೈಲರ್ ಫೋನ್ ಇಡುವ ಮುಂಚೆ ಕೇಳಿದೆ, ಗಾಂಧಿ ಬಜಾರಿನಲ್ಲಿ ಅವತ್ತು ಅವರು ಮಾತಾಡುತ್ತಿದ್ದದ್ದು ಯಾರ ಜೊತೆ ಇರಬಹುದು ಎಂದು. "ನನಗೆಲ್ಲಿ ಗೊತ್ತು ಸಾರ್. ನಿಮ್ಮ ಹತ್ರ ಹೇಳಿರ್ತಾರೆ ಅಂದ್ಕೊಂಡಿದ್ದೆ" ಎಂದರು. ನಾನು ಇಷ್ಟು ವರ್ಷ ಟೈಲರ್ ಹತ್ತಿರ ಹೇಳಿರುತ್ತಾರೆ ಎಂದುಕೊಂಡಿದ್ದೆ. ಆ ಗೂಡಿನಲ್ಲಿದ್ದದ್ದು ಅಕ್ಕನೇ ಅಲ್ಲವೇ ಎಂದು ಮತ್ತೆ ಕೇಳಿದೆ. ಬೆನ್ನು ಕಾಣಿಸುತ್ತಿತ್ತು, ಅದೇ ಸೀರೆ ಎಂದು ಅನ್ನಿಸಿತ್ತು ಎಂದರು.

ಮೇಡಂ ಎಲ್ಲಿಗೆ ಹೋಗುತ್ತಿದ್ದರೆಂದು ನನಗೆ ಗೊತ್ತಿಲ್ಲ.